ವೈರ್‌ಲೆಸ್ ಸ್ಪೀಕರಿಗೆ ಎಷ್ಟು ವೈರು?

ವೈರ್‌ಲೆಸ್ ಸ್ಪೀಕರ್ ಮನೆಗೆ ಬಂದ ದಿನ ಮೊದಲು ಹುಡುಕಬೇಕಾಗುವುದು ವೈರನ್ನೇ. ಬೆಂಗಳೂರಿನ ಬಸವನಗುಡಿಯ ಹಳೆಯ ಮನೆಯೊಂದರ ಹಜಾರವನ್ನು ಕಣ್ಣಮುಂದೆ ತಂದುಕೊಳ್ಳಿ. ರೆಡ್ ಆಕ್ಸೈಡ್ ನೆಲ, ಹನ್ನೊಂದು ಅಡಿ ಎತ್ತರದ ತಾರಸಿ, ಗೋಡೆಯೊಳಗೆ ಒಂದು ಗೂಡು, ಬಾಗಿಲ ಪಕ್ಕದ ಸ್ವಿಚ್ ಬೋರ್ಡಿನಲ್ಲಿ ಒಂದೇ ಒಂದು ಪ್ಲಗ್ ಪಾಯಿಂಟ್. ಆ ಪಾಯಿಂಟಿಗೆ ಟಿವಿ, ಸೆಟ್‌ಟಾಪ್ ಬಾಕ್ಸು, ವೈಫೈ ರೂಟರು ಮೂರೂ ಆಗಲೇ ಜೋತುಬಿದ್ದಿವೆ. ಮಗ ತಂದ ಜೋಡಿ ಸ್ಪೀಕರಿಗೆ ಎಡಕ್ಕೊಂದು, ಬಲಕ್ಕೊಂದು ಪವರ್ ಕೇಬಲ್ ಬೇಕು. ಎಕ್ಸ್‌ಟೆನ್ಷನ್ ಬಾಕ್ಸು ಬರುತ್ತದೆ, ಅದರ ವೈರು ದೇವರ ಮನೆಯ ಹೊಸ್ತಿಲ ಮುಂದೆಯೇ ಹಾದುಹೋಗುತ್ತದೆ. "ವೈರ್‌ಲೆಸ್ಸು ಅಂದ್ಯಲ್ಲೋ, ಮತ್ತೆ ಇದೇನು ಹಾವು ಬಿಟ್ಟ ಹಾಗೆ?" ಎಂದು ತಾಯಿ ಕೇಳಿದರೆ ತಪ್ಪು ಅವರದಲ್ಲ.

ಹಾಡು ಗಾಳಿಯಲ್ಲಿ ಬರುತ್ತದೆ, ಕರೆಂಟು ಬರುವುದಿಲ್ಲ. ವೈರ್‌ಲೆಸ್ ಎಂಬ ಮಾತಿನ ಅರ್ಥ ಇಷ್ಟೇ. ಆಂಪ್ಲಿಫೈಯರನ್ನು ಹೊಟ್ಟೆಯೊಳಗೆ ಇಟ್ಟುಕೊಂಡ ಯಾವ ಸ್ಪೀಕರಿಗೂ ಗೋಡೆಯ ಪ್ಲಗ್ ಬೇಕೇ ಬೇಕು. ಬ್ಯಾಟರಿಯಲ್ಲಿ ಓಡುವ ಪಿಕ್ನಿಕ್ ಸ್ಪೀಕರಿನ ಮಾತು ಬೇರೆ. ಹಾಗಾಗಿ ಬ್ರಾಂಡಿನ ಹೆಸರು ಬರೆದುಕೊಳ್ಳುವ ಮೊದಲು ಟೇಪು ಹಿಡಿದು ಕೋಣೆ ಅಳೆಯುವುದು, ಪ್ಲಗ್ ಪಾಯಿಂಟ್ ಎಲ್ಲಿದೆ ನೋಡುವುದು ಒಳ್ಳೆಯದು. ಚಾಮರಾಜಪೇಟೆ, ಮಲ್ಲೇಶ್ವರಗಳ ಎಷ್ಟೋ ಹಳೆಯ ಮನೆಗಳಲ್ಲಿ ಎಲೆಕ್ಟ್ರಿಷಿಯನ್‌ಗೆ ಕೊಡುವ ಅರ್ಧ ದಿನದ ಕೂಲಿಯೇ ಸ್ಪೀಕರಿನ ಮೊದಲ ಖರ್ಚು.

ಅಂಗಡಿಯಲ್ಲಿ "ಆಕ್ಟಿವ್" ಮತ್ತು "ಪವರ್ಡ್" ಎಂಬ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತಾರೆ. ಒಂದೇ ಅಲ್ಲ. ವ್ಯತ್ಯಾಸ ತಿಳಿಯಲು ಪೆಟ್ಟಿಗೆಯನ್ನು ತಿರುಗಿಸಿ ಬೆನ್ನು ನೋಡಿದರೆ ಸಾಕು. ಎಡಿಫೈಯರ್ ಕಂಪನಿಯ ಆರ್1280 ಸರಣಿಯ ಜೋಡಿಯಲ್ಲಿ ಬಲಗಡೆಯ ಪೆಟ್ಟಿಗೆಗೆ ವಾಲ್ಯೂಮ್ ತಿರುಪು, ಇನ್‌ಪುಟ್‌ಗಳು, ಪವರ್ ಕೇಬಲ್ ಎಲ್ಲ ಇವೆ. ಎಡಗಡೆಯದರ ಬೆನ್ನಿಗೆ ಕೆಂಪು ಕಪ್ಪು ಬಣ್ಣದ ಎರಡು ಸ್ಪ್ರಿಂಗ್ ಕ್ಲಿಪ್ಪು ಬಿಟ್ಟರೆ ಏನೂ ಇಲ್ಲ. ಎರಡಕ್ಕೂ ಬೇಕಾದ ಆಂಪ್ಲಿಫೈಯರ್ ಬಲಗಡೆಯದರಲ್ಲೇ ಇದ್ದು, ಅದರಿಂದ ಹೊರಟ ಸಿಗ್ನಲ್ ಒಂದು ಸಾಧಾರಣ ಸ್ಪೀಕರ್ ವೈರಿನಲ್ಲಿ ಎಡಗಡೆಯದಕ್ಕೆ ಹರಿಯುತ್ತದೆ. ಹೀಗೆ ಪೆಟ್ಟಿಗೆಗೊಂದು ಆಂಪ್ ಚಾನಲ್ ಇದ್ದು, ಅದು ಬಲಪಡಿಸಿ ಕಳಿಸಿದ ಸದ್ದನ್ನು ಕಾಯಿಲು, ಕೆಪಾಸಿಟರ್‌ಗಳ ಕ್ರಾಸ್‌ಓವರ್ ಸೋಸಿ ಕೆಳಸ್ಥಾಯಿಯ ವೂಫರಿಗಿಷ್ಟು, ಮೇಲ್‌ಸ್ಥಾಯಿಯ ಟ್ವೀಟರಿಗಿಷ್ಟು ಎಂದು ಹಂಚುವ ಏರ್ಪಾಡಿಗೆ ಪವರ್ಡ್ ಎಂದು ಹೆಸರು.

ಆಕ್ಟಿವ್‌ನಲ್ಲಿ ಹಂಚಿಕೆ ಮೊದಲು, ಬಲ ಆಮೇಲೆ. ಸಣ್ಣ ಸಿಗ್ನಲ್ ಇರುವಾಗಲೇ ಕೆಳಸ್ಥಾಯಿ, ಮೇಲ್‌ಸ್ಥಾಯಿ ಬೇರೆಯಾಗುತ್ತವೆ. ನಂತರ ವೂಫರಿಗೆ ಒಂದು ಆಂಪ್, ಟ್ವೀಟರಿಗೆ ಇನ್ನೊಂದು. ಯಮಾಹಾ ಎಚ್‌ಎಸ್5ರ ಒಂದೊಂದು ಪೆಟ್ಟಿಗೆಯಲ್ಲೂ ವೂಫರಿಗೆ 45 ವ್ಯಾಟ್, ಟ್ವೀಟರಿಗೆ 25 ವ್ಯಾಟ್ ಎಂದು ಎರಡು ಆಂಪ್‌ಗಳಿವೆ. ಮದುವೆ ಮನೆಯ ಭಾಷೆಯಲ್ಲಿ ಹೇಳುವುದಾದರೆ ಪವರ್ಡ್‌ನಲ್ಲಿ ಒಬ್ಬರೇ ಅಡಿಗೆಯವರು ಮಾಡಿದ್ದನ್ನು ಎರಡು ಪಂಕ್ತಿಗೆ ಬಡಿಸುತ್ತಾರೆ. ಆಕ್ಟಿವ್‌ನಲ್ಲಿ ಪಂಕ್ತಿಗೊಬ್ಬ ಅಡಿಗೆಯವರು. ಪ್ರತಿ ಆಂಪ್‌ಗೂ ತನ್ನ ಎದುರಿನ ಡ್ರೈವರ್ (ವೂಫರೋ ಟ್ವೀಟರೋ) ಯಾವುದೆಂದು ಖಚಿತವಾಗಿ ಗೊತ್ತಿರುವುದರಿಂದ ತಯಾರಕರು ಸ್ವರದ ಏರುಪೇರನ್ನು ಕಾರ್ಖಾನೆಯಲ್ಲೇ ಸರಿಮಾಡಿ ಕಳಿಸಬಹುದು. ಪೆಟ್ಟಿಗೆ ಚಿಕ್ಕದಾದರೂ ಆಳದ ಸ್ವರ ಅಚ್ಚುಕಟ್ಟಾಗಿ ಬರುವುದಕ್ಕೆ ಇದೂ ಒಂದು ಕಾರಣ.

ಗುರುತು ಹಿಡಿಯುವ ಸುಲಭದ ಉಪಾಯವೆಂದರೆ ವಿವರಪಟ್ಟಿಯಲ್ಲಿ ವೂಫರಿಗೆ, ಟ್ವೀಟರಿಗೆ ಬೇರೆಬೇರೆ ವ್ಯಾಟ್ ಬರೆದಿದ್ದಾರೋ ನೋಡುವುದು. ಆದರೂ ಆಕ್ಟಿವ್ ಎಂದ ಮಾತ್ರಕ್ಕೆ ಮೇಲು, ಪವರ್ಡ್ ಎಂದರೆ ಕೀಳು ಎಂದಲ್ಲ. ಅಚ್ಚುಕಟ್ಟಾದ ಪವರ್ಡ್ ಜೋಡಿ ಕಳಪೆ ಆಕ್ಟಿವ್ ಜೋಡಿಗಿಂತ ಎಷ್ಟೋ ವಾಸಿ.

ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಆಂಪ್ ಹಿಡಿಸುವುದಕ್ಕೆ ಎಷ್ಟೋ ಸ್ಪೀಕರುಗಳಲ್ಲಿ ಕಾರಣ ಕ್ಲಾಸ್ ಡಿ ಎಂಬ ವಿನ್ಯಾಸ. ಹಳೆಯ ಆಂಪ್‌ಗಳು ಕರೆಂಟಿನ ದೊಡ್ಡ ಪಾಲನ್ನು ಬಿಸಿಯಾಗಿ ಕಳೆಯುತ್ತಿದ್ದವು. ಅವುಗಳ ಮೇಲೆ ಬೆಕ್ಕು ಮಲಗುತ್ತಿದ್ದುದು ಸುಮ್ಮನೆ ಅಲ್ಲ. ಕ್ಲಾಸ್ ಡಿ ಆ ನಷ್ಟವನ್ನು ತೀರಾ ಕಡಿಮೆ ಮಾಡಿತು. ಇಂಥ ಚಿಪ್ ತಯಾರಿಸುವ ದೊಡ್ಡ ಕಂಪನಿಗಳಲ್ಲೊಂದು 1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್.

ಇನ್ನು ವ್ಯಾಟಿನ ವಿಚಾರ. ಗಾಂಧಿಬಜಾರಿನಲ್ಲಿ ಕಾಫಿಪುಡಿ ಕೊಳ್ಳುವಾಗ ಚಿಕೋರಿ ಎಷ್ಟು ಎಂದು ಕೇಳದೆ ಬಿಡುವವರಿಲ್ಲ. ಅದೇ ಜನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ "ಸಾವಿರ ವ್ಯಾಟ್ ಸಾರ್" ಎಂದರೆ ತಲೆಯಾಡಿಸಿ ಬರುತ್ತಾರೆ. ಆ ಸಾವಿರದ ಹಿಂದಿರುವ ಪಿಎಂಪಿಒ ಎನ್ನುವುದು ವ್ಯಾಟಿನ ಚಿಕೋರಿ. ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲದ ಶಿಖರದ ಲೆಕ್ಕ ಅದು, ಅಳೆಯುವುದಕ್ಕೆ ಒಪ್ಪಿತ ನಿಯಮವೂ ಇಲ್ಲ. ನೋಡಬೇಕಾದ್ದು ಸತತವಾಗಿ ಕೊಡಬಲ್ಲ ಶಕ್ತಿಯ ಲೆಕ್ಕವಾದ ಆರ್‌ಎಂಎಸ್ ವ್ಯಾಟ್. ಮೇಲೆ ಹೇಳಿದ ಆರ್1280ರದ್ದು ಎರಡೂ ಪೆಟ್ಟಿಗೆ ಸೇರಿ 42 ವ್ಯಾಟ್ ಆರ್‌ಎಂಎಸ್. ಕೇಳಲು ಕಡಿಮೆ ಅನಿಸುತ್ತದೆ. ಆದರೆ ಸಾಧಾರಣ ಸ್ಪೀಕರ್ ಜೋಡಿಗೆ ಹತ್ತಡಿ ದೂರದಲ್ಲಿ ಕೂತವರ ಕಿವಿಗೆ 75ರಿಂದ 80 ಡೆಸಿಬೆಲ್ ಮುಟ್ಟಿಸಲು ಒಂದು ವ್ಯಾಟಿನ ಆಸುಪಾಸು ಸಾಕು. ಸದ್ದು ಎರಡರಷ್ಟಾದಂತೆ ಕೇಳಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ವ್ಯಾಟನ್ನು ಬರೀ ದುಪ್ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್, ಅಂದರೆ ತುಸು ಏರಿದಂತೆ ಅಷ್ಟೇ. 40 ವ್ಯಾಟೋ 80 ವ್ಯಾಟೋ ಎಂದು ತಲೆ ಕೆಡಿಸಿಕೊಂಡು ಐದು ಸಾವಿರ ಹೆಚ್ಚು ಕೊಡುವುದಕ್ಕಿಂತ ಆ ದುಡ್ಡಿಗೆ ಒಂದು ಜಮಖಾನ ತರುವುದು ಲಾಭ.

ಜಮಖಾನ ಯಾಕೆಂದರೆ ಕೋಣೆಯೂ ಹಾಡುತ್ತದೆ. 1895ರ ಸುಮಾರಿಗೆ ಅಮೆರಿಕದ ಹಾರ್ವರ್ಡ್‌ನಲ್ಲಿ ವಾಲೆಸ್ ಸೇಬಿನ್ ಎಂಬ ಯುವ ಅಧ್ಯಾಪಕರಿಗೆ ಮಾತು ಕೇಳಿಸದ ಉಪನ್ಯಾಸ ಕೊಠಡಿಯೊಂದನ್ನು ಸರಿಮಾಡುವ ಕೆಲಸ ಬಿತ್ತು. ಅವರು ಪಕ್ಕದ ಥಿಯೇಟರಿನ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಜೋಡಿಸಿ, ಆರ್ಗನ್ ಕೊಳವೆ ಊದಿಸಿ, ಸದ್ದು ಆರಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಅಳೆದರು. ಅದರಿಂದ ಹುಟ್ಟಿದ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಮೈಗಳ ಒಟ್ಟು ಮೊತ್ತದಿಂದ ಭಾಗಿಸುವುದು.

ಇದನ್ನು ಬಸವನಗುಡಿಯ ಹಜಾರಕ್ಕೆ ಹಚ್ಚಿ ನೋಡಬಹುದು. 14 ಅಡಿ ಉದ್ದ, 12 ಅಡಿ ಅಗಲ, 11 ಅಡಿ ಎತ್ತರ ಎಂದರೆ ಸುಮಾರು 52 ಘನ ಮೀಟರ್. ನೆಲ, ಗೋಡೆ, ತಾರಸಿ ಸೇರಿ 84 ಚದರ ಮೀಟರ್. ಗಾರೆ ಗೋಡೆ, ರೆಡ್ ಆಕ್ಸೈಡ್ ನೆಲ ತಮಗೆ ಬಡಿದ ಸದ್ದಿನಲ್ಲಿ ನೂರಕ್ಕೆ ಮೂರು ಪಾಲು ಹೀರಿದರೆ ಹೆಚ್ಚು. ಲೆಕ್ಕ ಹಾಕಿದರೆ ಖಾಲಿ ಕೋಣೆಯಲ್ಲಿ ಸದ್ದು ಆರಲು ಮೂರು ಸೆಕೆಂಡಿಗೂ ಮಿಕ್ಕಿ ಬೇಕು. ಅದು ದೇವಸ್ಥಾನದ ಪ್ರಾಕಾರದ ಲೆಕ್ಕ. ಸೋಫಾ, ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟು, ನಾಲ್ಕು ಜನ ಸೇರಿ ಒಂಬತ್ತು ಹತ್ತು ಚದರ ಮೀಟರಿನಷ್ಟು ಹೀರುವ ಶಕ್ತಿ ಕೂಡಿಸಿದರೆ ಅದು ಮುಕ್ಕಾಲು ಸೆಕೆಂಡಿನ ಒಳಗೆ ಇಳಿಯುತ್ತದೆ. ಮನೆಯಲ್ಲಿ ಸಂಗೀತ ಕೇಳಲು ಅರ್ಧ ಸೆಕೆಂಡಿನ ಹತ್ತಿರ ಬಂದರೆ ಹಿತ. ಗೋಡೆ ತುಂಬ ಪುಸ್ತಕ ಇರುವ ಮೇಷ್ಟರ ಮನೆಯಲ್ಲಿ ಅಗ್ಗದ ಸ್ಪೀಕರೂ ಚೆನ್ನಾಗಿ ಕೇಳುವುದರ ಗುಟ್ಟು ಇದೇ.

ಕೆಳಸ್ಥಾಯಿಗೆ ಬೇರೆಯೇ ಕಾಟ ಇದೆ. ಎದುರುಬದುರು ಗೋಡೆಗಳ ನಡುವೆ ಅಲೆ ಸಿಕ್ಕಿಹಾಕಿಕೊಂಡು ಕೆಲವು ಸ್ವರಗಳು ಮಾತ್ರ ಉಬ್ಬುತ್ತವೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ಅದನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಉಬ್ಬುವ ಸ್ವರ ಸಿಗುತ್ತದೆ. ಮೇಲಿನ ಹಜಾರದಲ್ಲಿ ಅವು 40, 47, 51 ಹರ್ಟ್ಸ್. ಮೂರೂ ಒಂದರ ಪಕ್ಕ ಒಂದು ಕೂತಿವೆ, ಮೇಲೆ ಅವುಗಳ ಇಮ್ಮಡಿಗಳು. ಅಂಥ ಕೋಣೆಗೆ ದೊಡ್ಡ ಸಬ್‌ವೂಫರ್ ತರುವುದೆಂದರೆ ಉರಿಯುವ ಒಲೆಗೆ ಇನ್ನಷ್ಟು ಸೌದೆ ಒಟ್ಟಿದಂತೆ.

ಗೋಡೆಯ ಗೂಡಿನಲ್ಲಿ ಸ್ಪೀಕರ್ ಕೂರಿಸುವ ಆಸೆ ಈ ಮನೆಗಳಲ್ಲಿ ಎಲ್ಲರಿಗೂ ಹುಟ್ಟುತ್ತದೆ, ಅಳತೆ ಹೊಲಿಸಿದ ಹಾಗೆ ಇರುತ್ತದೆ ಬೇರೆ. ಕೂರಿಸುವ ಮುನ್ನ ಪೆಟ್ಟಿಗೆಯ ಗಾಳಿ ರಂಧ್ರ ಎಲ್ಲಿದೆ ನೋಡಬೇಕು. ಎಚ್‌ಎಸ್5, ಜೆಬಿಎಲ್ 305ಪಿ, ಕೆಇಎಫ್ ಎಲ್‌ಎಸ್‌ಎಕ್ಸ್ ಇವುಗಳಿಗೆಲ್ಲ ರಂಧ್ರ ಬೆನ್ನಿಗಿದೆ; ಗೋಡೆಯಿಂದ ಒಂದಡಿಯಾದರೂ ಬಿಡದಿದ್ದರೆ ಮೃದಂಗ ಡೋಲಾಗುತ್ತದೆ. ಆರ್1280ಕ್ಕೆ ರಂಧ್ರ ಮುಂದಿದೆ, ಜಾಗವಿಲ್ಲದ ಮನೆಗೆ ಅದು ವಾಸಿ. ಗೋಡೆಗೆ ಒತ್ತಿ ಇಡದೆ ಗತಿಯೇ ಇಲ್ಲ ಎನ್ನುವವರಿಗೆ ಎಚ್‌ಎಸ್5ರ ಬೆನ್ನಿನಲ್ಲಿ ರೂಮ್ ಕಂಟ್ರೋಲ್ ಎಂಬ ಪುಟ್ಟ ಸ್ವಿಚ್ ಇದೆ, ಕೆಳಸ್ಥಾಯಿಯನ್ನು 2 ಅಥವಾ 4 ಡೆಸಿಬೆಲ್ ತಗ್ಗಿಸುತ್ತದೆ. 305ಪಿಯ ಎರಡನೇ ಆವೃತ್ತಿಗೂ ಅಂಥದೇ ಸ್ವಿಚ್ ಇದೆ. ಇದನ್ನು ಮುಟ್ಟಿಯೂ ನೋಡದೆ "ಬೇಸ್ ಜಾಸ್ತಿ" ಎಂದು ದೂರುವವರು ಬಹಳ.

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಕಿವಿಗೆ ತನ್ನದೇ ಚರಿತ್ರೆ ಇದೆ. ಬೆಂಗಳೂರು ಗಾಯನ ಸಮಾಜ 1905ರದ್ದು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ನಡೆಯುವ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ 1939ರಲ್ಲಿ ಶುರುವಾದದ್ದು. ಕಾಂಪೌಂಡಿನ ಹೊರಗೆ ನಿಂತು ಹಾರ್ನ್ ಸ್ಪೀಕರಿನಲ್ಲಿ ಕಛೇರಿ ಕೇಳಿ ಬೆಳೆದವರಿಗೆ ಲೆಕ್ಕವಿಲ್ಲ. ಮೈಕು ಸರಿಯಾಗಿಲ್ಲದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೂ ಕೇಳಿಸಲೆಂದು ಪಿಟೀಲಿಗೆ ಏಳು ತಂತಿ ಕಟ್ಟಿದ ಮೈಸೂರು ಟಿ. ಚೌಡಯ್ಯನವರ ಹೆಸರಲ್ಲಿ ಮಲ್ಲೇಶ್ವರದ ಮಗ್ಗುಲಲ್ಲಿ 1980ರಲ್ಲಿ ಪಿಟೀಲಿನ ಆಕಾರದ ಭವನವೇ ಎದ್ದಿತು. ಸದ್ದನ್ನು ದೂರಕ್ಕೆ ಮುಟ್ಟಿಸುವ ಸಮಸ್ಯೆ ಆಗ ಇದ್ದದ್ದು ಸಭೆಗೆ. ಮನೆಯ ಸಮಸ್ಯೆ ಉಲ್ಟಾ: ಹತ್ತಡಿ ದೂರದಲ್ಲಿ, ಮೆಲ್ಲಗೆ, ನಿಜದ ಹಾಗೆ ಕೇಳಬೇಕು.

ಅದಕ್ಕೇ ಅಂಗಡಿಯವರು ಹಾಕುವ ಡೆಮೊ ಹಾಡಿಗೆ ಮರುಳಾಗಬಾರದು. ಗಿಟಾರಿನ ಒಂದು ಟಣ್, ಡ್ರಮ್ಮಿನ ಒಂದು ಧಿಂ, ನಡುವೆ ಪಿಸುಗುಟ್ಟುವ ಹೆಣ್ಣುದನಿ: ಯಾವ ಸ್ಪೀಕರಿನಲ್ಲೂ ಚೆನ್ನಾಗಿ ಕೇಳಲೆಂದೇ ಮಾಡಿದ ಹಾಡುಗಳವು. ಬೆಂಗಳೂರಿನವರ ಹತ್ತಿರ ಅದಕ್ಕಿಂತ ಕಠಿಣ ಪರೀಕ್ಷೆ ಇದೆ, ತಂಬೂರಿ.

ಗಂಡು ಕಂಠದ ಶ್ರುತಿ ಒಂದು ಕಟ್ಟೆ, ಅಂದರೆ ಪಾಶ್ಚಾತ್ಯರ ಸಿ ಎಂದಿಟ್ಟುಕೊಂಡರೆ ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ತಂತಿಗಳನ್ನು ಹೊತ್ತ ಕುದುರೆಯ ಮೇಲಿನ ಜೀವಾಳದ ಎಳೆ ಸರಿಯಾಗಿ ಕೂತಿದ್ದರೆ ಅದೇ ತಂತಿಯಿಂದ ಅದರ ಐದರಷ್ಟು, ಅಂದರೆ 327 ಹರ್ಟ್ಸ್ ಆಸುಪಾಸಿನಲ್ಲಿ ಅಂತರ ಗಾಂಧಾರ ತಾನಾಗಿ ಹೊಮ್ಮುತ್ತದೆ. ಯಾರೂ ಮೀಟದ ಸ್ವರ ಅದು. ಒಳ್ಳೆಯ ಸ್ಪೀಕರಿನಲ್ಲಿ ಅದು ಗಾಳಿಯಲ್ಲಿ ತೇಲಿದಂತೆ ಬೇರೆಯಾಗಿ ಕೇಳುತ್ತದೆ. ಕೆಳಸ್ಥಾಯಿಯನ್ನು ಉಬ್ಬಿಸಿ ಮಾರುವ ಸ್ಪೀಕರಿನಲ್ಲಿ ಷಡ್ಜದ ಗುಂಯ್ಗಾಟದೊಳಗೆ ಗಾಂಧಾರ ಮುಳುಗಿಹೋಗುತ್ತದೆ. ಟ್ವೀಟರ್ ಒರಟಾಗಿದ್ದರೆ ಜೀವಾಳದ ಝೇಂಕಾರ ಸೊಳ್ಳೆಯ ಹಾಡಾಗುತ್ತದೆ. ಐದು ನಿಮಿಷ ಬರೀ ತಂಬೂರಿ ಹಾಕಿಕೊಂಡು ಕೂತರೆ ಸ್ಪೀಕರಿನ ಜಾತಕ ತಿಳಿಯುತ್ತದೆ. ನಿಜವಾದ ತಂಬೂರಿಯ ಧ್ವನಿಮುದ್ರಣ ಇದ್ದರೆ ಉತ್ತಮ. ಇಲ್ಲವಾದರೆ ಪೆಟ್ಟಿಗೆ ತಂಬೂರಿಯೂ ಆದೀತು. ಎಲೆಕ್ಟ್ರಾನಿಕ್ ತಂಬೂರಿಯನ್ನು 1970ರ ದಶಕದ ಕೊನೆಯಲ್ಲಿ ಕೊಟ್ಟದ್ದೇ ಬೆಂಗಳೂರಿನ ರಾಡೆಲ್, ಅದನ್ನು ಕಟ್ಟಿದ ಜಿ. ರಾಜ್ ನಾರಾಯಣ್ ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು.

ಎರಡನೆಯ ಪರೀಕ್ಷೆ ಮೃದಂಗದ ಎಡಭಾಗ. ಗುಮ್ಕಿ ಕೊಟ್ಟಾಗ ಮಣಿಕಟ್ಟಿನ ಒತ್ತಿಗೆ ನಾದ ಜಾರಿ ಮೇಲೇರಬೇಕು. ಪ್ರತಿ ಪೆಟ್ಟೂ ಒಂದೇ ಸ್ವರದಲ್ಲಿ "ಬೊಂ ಬೊಂ" ಎನ್ನುತ್ತಿದ್ದರೆ ಕೇಳುತ್ತಿರುವುದು ಮೃದಂಗವಲ್ಲ, ಪೆಟ್ಟಿಗೆಯ ಹೊಟ್ಟೆ. ಮೂರನೆಯದಕ್ಕೆ ವೀಣೆ. ವಿ. ದೊರೆಸ್ವಾಮಿ ಅಯ್ಯಂಗಾರ್ ಅವರ ಯಾವುದಾದರೂ ಆಲಾಪನೆ ಹಾಕಿ, ಒಂದು ಮೀಟಿಗೆ ಎಳೆದ ಗಮಕ ಎಷ್ಟು ಹೊತ್ತು ಕಿವಿಯಲ್ಲಿ ಉಳಿಯುತ್ತದೆ ಎಂದು ಗಮನಿಸಿದರೆ ಆಂಪಿನ ಮೌನ ಎಷ್ಟು ಶುದ್ಧ ಎಂಬುದು ಗೊತ್ತಾಗುತ್ತದೆ. ಕೆಲವು ಆಕ್ಟಿವ್ ಸ್ಪೀಕರುಗಳು ಹಾಡಿಲ್ಲದಾಗಲೂ ಸಣ್ಣಗೆ ಸುಯ್ ಎನ್ನುತ್ತಿರುತ್ತವೆ. ಹತ್ತಡಿಯಲ್ಲಿ ಅದು ಕೇಳದು, ಮೇಜಿನ ಮೇಲಿಟ್ಟು ಎರಡಡಿಯಲ್ಲಿ ಕೂತರೆ ರೇಜಿಗೆ. ಭಾವಗೀತೆಯ ಮನೆಗಳಿಗೆ ಪರೀಕ್ಷೆ ಸುಲಭ: 1978ರಲ್ಲಿ ಬಂದ "ನಿತ್ಯೋತ್ಸವ" ಕ್ಯಾಸೆಟ್ಟಿನಲ್ಲಿ ಮೈಸೂರು ಅನಂತಸ್ವಾಮಿಯವರ ದನಿ ಹೇಗಿತ್ತೆಂದು ಆ ತಲೆಮಾರಿಗೆ ಬಾಯಿಪಾಠ, ಸ್ಪೀಕರ್ ಸುಳ್ಳು ಹೇಳಿದರೆ ಥಟ್ಟನೆ ಸಿಕ್ಕಿಬೀಳುತ್ತದೆ.

ಈ ಲೆಕ್ಕದಲ್ಲಿ ಕರ್ನಾಟಕ ಸಂಗೀತಕ್ಕೆ 60 ಹರ್ಟ್ಸ್‌ವರೆಗೆ ಇಳಿಯುವ ಸ್ಪೀಕರ್ ಧಾರಾಳ ಸಾಕು. ಸಿನಿಮಾ ಹಾಡಿನ ಬೇಸ್ ಗಿಟಾರ್ 41 ಹರ್ಟ್ಸ್‌ವರೆಗೆ ಹೋಗುತ್ತದೆ, ಅದು ಬೇಕೆನ್ನುವವರು ದೊಡ್ಡ ವೂಫರ್ ನೋಡಬೇಕು. ವಿವರಪಟ್ಟಿಯಲ್ಲಿ ಇಲ್ಲೊಂದು ಕಣ್ಕಟ್ಟು ಇದೆ. ಎಚ್‌ಎಸ್5ರ "54 ಹರ್ಟ್ಸ್‌ನಿಂದ" ಎಂಬ ಅಂಕಿ 10 ಡೆಸಿಬೆಲ್ ಕುಸಿದ ಮೇಲಿನ ಲೆಕ್ಕ. 3 ಡೆಸಿಬೆಲ್ ಕುಸಿತದ ಲೆಕ್ಕದಲ್ಲಿ ಅದೇ ಸ್ಪೀಕರ್ 74 ಹರ್ಟ್ಸ್‌ನಿಂದ. ಯಮಾಹಾ ಎರಡನ್ನೂ ಅಚ್ಚು ಹಾಕುತ್ತದೆ. ಎಷ್ಟು ಡೆಸಿಬೆಲ್ ಎಂದು ಹೇಳದೆ ಬರೀ ಹರ್ಟ್ಸ್ ಕೊಡುವ ಕಂಪನಿಯ ಅಂಕಿಯನ್ನು ನಂಬುವ ಅಗತ್ಯವಿಲ್ಲ.

ಈಗ ಗಾಳಿಯಲ್ಲಿ ಬರುವ ಭಾಗಕ್ಕೆ ಬರೋಣ. ಬ್ಲೂಟೂತ್ ಎಲ್ಲರಿಗೂ ಗೊತ್ತು, ಮಗುವೂ ಜೋಡಿಸಬಲ್ಲದು. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ ಹರಿದರೆ ಬ್ಲೂಟೂತ್‌ನ ಮೂಲ ಪದ್ಧತಿ ಎಸ್‌ಬಿಸಿ ಅದನ್ನು 328ರ ಸುಮಾರಿಗೆ ಹಿಂಡುತ್ತದೆ. ಸೋನಿಯ ಎಲ್‌ಡಿಎಸಿ 990ರವರೆಗೆ ಹೋಗುತ್ತದೆ. ಆದರೆ ಐಫೋನಿನಲ್ಲಿ ಎಲ್‌ಡಿಎಸಿ ಇಲ್ಲ, ಎಎಸಿ ಮತ್ತು ಎಸ್‌ಬಿಸಿ ಮಾತ್ರ. ಐಫೋನ್ ಇಟ್ಟುಕೊಂಡವರು ಎಲ್‌ಡಿಎಸಿ ಮುದ್ರೆಗೆ ಹೆಚ್ಚು ಹಣ ಕೊಟ್ಟರೆ ಅದು ಹುಂಡಿಗೆ ಹಾಕಿದ ಕಾಣಿಕೆ. ರೇಡಿಯೋದ ಶಾಸ್ತ್ರೀಯ ಸಂಗೀತ ಕೇಳುವುದಕ್ಕೋ ಹಳೆಯ ಹಾಡಿಗೋ ಬ್ಲೂಟೂತ್ ಸಾಕು. ಕೊರತೆ ಬೇರೆ ಕಡೆ: ಫೋನ್ ಬಂದರೆ ಪಲ್ಲವಿಯ ನಡುವೆ ರಿಂಗ್‌ಟೋನ್ ಹಜಾರ ತುಂಬುತ್ತದೆ, ಫೋನ್ ಹಿಡಿದು ಹಿತ್ತಲಿಗೆ ಹೋದರೆ ಹಾಡೂ ಹೋಗುತ್ತದೆ.

ವೈಫೈಯಲ್ಲಿ ಈ ಕಾಟ ಇಲ್ಲ. ಏರ್‌ಪ್ಲೇ, ಗೂಗಲ್ ಕ್ಯಾಸ್ಟ್, ಸ್ಪಾಟಿಫೈ ಕನೆಕ್ಟ್ ಇವು ಸಿ.ಡಿ. ಗುಣಮಟ್ಟವನ್ನೋ ಅದರ ಹತ್ತಿರದ್ದನ್ನೋ ತರಬಲ್ಲವು. ಆಪಲ್ ಮ್ಯೂಸಿಕ್ 2021ರಿಂದ ಏನನ್ನೂ ಕಳೆಯದ ಧ್ವನಿಯನ್ನೇ ಕೊಡುತ್ತಿದೆ. ಅಡ್ಡಿ ಎಂದರೆ ಗೋಡೆ. ಒಂದೂಕಾಲು ಅಡಿ ದಪ್ಪದ ಹಳೆಯ ಇಟ್ಟಿಗೆ ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಸೋತಿರುತ್ತದೆ. ರೂಟರನ್ನು ಸ್ಪೀಕರಿನ ಕೋಣೆಗೇ ತರಬೇಕು, ಇಲ್ಲವೇ ಮತ್ತೆ ವೈರು. ತಮಾಷೆಯೆಂದರೆ ಹೆಸರಾಂತ ವೈರ್‌ಲೆಸ್ ಜೋಡಿಯಾದ ಕೆಇಎಫ್ ಎಲ್‌ಎಸ್‌ಎಕ್ಸ್ 2ರಲ್ಲೂ ಎರಡು ಪೆಟ್ಟಿಗೆಗಳ ನಡುವೆ ಗಾಳಿಯ ಸಂಪರ್ಕ ಇಟ್ಟರೆ ಧ್ವನಿಯ ಸ್ಯಾಂಪಲ್ ದರ 48 ಕಿಲೋಹರ್ಟ್ಸ್, ಜೊತೆಗೆ ಕೊಟ್ಟ ಕೇಬಲ್ ಚುಚ್ಚಿದರೆ 96. ತಯಾರಕರೇ ವೈರಿಗೆ ಓಟು ಹಾಕಿದ್ದಾರೆ.

ಸ್ಪೀಕರಿನಲ್ಲಿ ಮೊದಲು ಮುದಿಯಾಗುವುದೂ ಈ ವೈರ್‌ಲೆಸ್ ಭಾಗವೇ. ಮರದ ಪೆಟ್ಟಿಗೆ, ಕೋನು, ಆಂಪು ಹದಿನೈದು ಇಪ್ಪತ್ತು ವರ್ಷ ಬಾಳಬಹುದು; ಆ್ಯಪ್ ಅಷ್ಟು ಬಾಳುವುದಿಲ್ಲ. ಸಾದಾ ಸ್ಪೀಕರಿಗೆ ವೈಫೈ ಕೂಡಿಸುವ ಗೂಗಲ್‌ನ ಕ್ರೋಮ್‌ಕ್ಯಾಸ್ಟ್ ಆಡಿಯೋ 2015ರಲ್ಲಿ ಬಂತು, 2019ರ ಆರಂಭದಲ್ಲಿ ತಯಾರಿಕೆ ನಿಂತಿತು. 2025ರ ಮಾರ್ಚ್‌ನಲ್ಲಿ ಒಂದು ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಮುಗಿದಿದ್ದಕ್ಕೆ ಜಗತ್ತಿನಾದ್ಯಂತ ಅವು ಕೆಲವು ದಿನ ಮೂಕವಾದವು. 2020ರ ಜನವರಿಯಲ್ಲಿ ವೈಫೈ ಸ್ಪೀಕರ್ ಕಂಪನಿ ಸೋನೋಸ್ ತನ್ನ ಹಳೆಯ ಮಾದರಿಗಳಿಗೆ ಹೊಸ ಅಪ್‌ಡೇಟ್ ಕೊಡುವುದಿಲ್ಲ ಎಂದಾಗ ಗ್ರಾಹಕರು ಹುಯಿಲೆಬ್ಬಿಸಿದ್ದರು. ಸ್ಪೀಕರುಗಳಿಗೆ ಏನೂ ಆಗಿರಲಿಲ್ಲ.

ಹೀಗಾಗಿ ವೈರ್‌ಲೆಸ್ ಎಂಬುದನ್ನು ಕಳಚಿಡಬಹುದಾದ ಅಂಗಿಯಂತೆ ನೋಡುವುದು ಜಾಣತನ. ಬೆನ್ನಿನಲ್ಲಿ ಕೆಂಪು ಬಿಳಿ ಆರ್‌ಸಿಎ ತೂತುಗಳೋ, ಕೊನೆಪಕ್ಷ ಆಕ್ಸ್ ಪಿನ್ನೋ ಇಲ್ಲದ ಸ್ಪೀಕರನ್ನು ಕೊಳ್ಳಲೇಬಾರದು. ಸಾದಾ ಇನ್‌ಪುಟ್ ಇರುವ ಜೋಡಿಗೆ ವಿಮ್ ಕಂಪನಿಯ ಪುಟ್ಟ ಸ್ಟ್ರೀಮರನ್ನು ಸಿಕ್ಕಿಸಿದರೆ ವೈಫೈ ಸ್ಪೀಕರ್ ಸಿದ್ಧ. ಐದು ವರ್ಷದ ಮೇಲೆ ಅದು ಹಳತಾದರೆ ಅದನ್ನಷ್ಟೇ ಬದಲಿಸುವುದು. ಹಳೆಯ ಕ್ಯಾಸೆಟ್ ಡೆಕ್ಕು, ಸಿ.ಡಿ. ಪ್ಲೇಯರ್ ಇದ್ದವರೂ ಆರ್‌ಸಿಎಗೆ ನೇರ ಜೋಡಿಸಬಹುದು. ಎಲ್.ಪಿ. ಪ್ಲೇಯರಿಗೆ ಮಾತ್ರ ಹಾಗಾಗದು, ಅದರ ಸೂಜಿಯಿಂದ ಬರುವುದು ಕೆಲವೇ ಮಿಲಿವೋಲ್ಟ್. ನಡುವೆ ಫೋನೋ ಪ್ರೀಆಂಪ್ ಬೇಕು. ಕ್ಲಿಪ್ಶ್‌ನ ದಿ ಫೈವ್ಸ್‌ನಂಥ ಕೆಲವು ಸ್ಪೀಕರುಗಳಲ್ಲಿ ಅದು ಒಳಗೇ ಇದೆ, ಟಿವಿಗಾಗಿ ಎಚ್‌ಡಿಎಂಐ ಎಆರ್‌ಸಿ ಕೂಡ. ಟಿವಿಯನ್ನು ಬ್ಲೂಟೂತ್‌ನಲ್ಲಿ ಜೋಡಿಸಿದರೆ ತುಟಿ ಆಡಿದ ಮೇಲೆ ಮಾತು ಬರುತ್ತದೆ, ಡಬ್ಬಿಂಗ್ ಸಿನಿಮಾ ನೋಡಿದ ಹಾಗೆ.

ಸ್ಟುಡಿಯೋ ಮಾನಿಟರ್ ಎಂಬ ಜಾತಿಯ ಬಗ್ಗೆ ಒಂದು ಮಾತು. ಕೊಟ್ಟ ದುಡ್ಡಿಗೆ ಇದಕ್ಕಿಂತ ನೇರವಾದ ಧ್ವನಿ ಬೇರೆ ಕಡೆ ಸಿಗುವುದು ಕಷ್ಟ. ಎಚ್‌ಎಸ್5, 305ಪಿ ಮಾತ್ರವಲ್ಲ, 1970ರಲ್ಲಿ ಕೋಲ್ಕತ್ತದಲ್ಲಿ ಶುರುವಾದ ನಮ್ಮ ದೇಶದ್ದೇ ಸೋನೋಡೈನ್ ಕೂಡ ಆಕ್ಟಿವ್ ಮಾನಿಟರ್ ಮಾಡುತ್ತದೆ. ಇವು ಹೈಫೈ ಶೋರೂಮಿಗಿಂತ ಕೀಬೋರ್ಡು, ಗಿಟಾರು ಮಾರುವ ಅಂಗಡಿಗಳಲ್ಲಿ ಸಿಗುವುದು ಹೆಚ್ಚು. ಆದರೆ ಇವು ಸ್ಟುಡಿಯೋದವರಿಗೆಂದು ಮಾಡಿದವು. ರಿಮೋಟ್ ಇರುವುದಿಲ್ಲ, ವಾಲ್ಯೂಮ್ ತಿರುಪು ಪ್ರತಿ ಪೆಟ್ಟಿಗೆಯ ಬೆನ್ನಿಗೆ ಬೇರೆಬೇರೆ, ಎಚ್‌ಎಸ್5ಕ್ಕೆ ಆರ್‌ಸಿಎಯೂ ಇಲ್ಲ, ಎಕ್ಸ್‌ಎಲ್‌ಆರ್ ಮತ್ತು ದಪ್ಪ ಟಿಆರ್‌ಎಸ್ ಪಿನ್ ಮಾತ್ರ. ಸ್ಟ್ರೀಮರಿನ ಆ್ಯಪ್‌ನಲ್ಲೇ ವಾಲ್ಯೂಮ್ ಆಡಿಸಿಕೊಂಡು, ಹದಿನೈದು ಇಪ್ಪತ್ತಡಿಯ ಆರ್‌ಸಿಎ–ಟಿಆರ್‌ಎಸ್ ಕೇಬಲ್ ಎಳೆಯಲು ಸಿದ್ಧವಿರುವವರಿಗೆ ಇವು ವರ. ಮನೆಯ ಹಿರಿಯರು ತಾವೇ ಹಾಕಿಕೊಂಡು ಕೇಳಬೇಕು ಎಂದಿದ್ದರೆ ರಿಮೋಟ್ ಇರುವ ಪವರ್ಡ್ ಜೋಡಿಯೇ ಸರಿ. ಇನ್ನೊಂದು: ಮಾನಿಟರಿನ ಬೆಲೆ ಸಾಮಾನ್ಯವಾಗಿ ಒಂದು ಪೆಟ್ಟಿಗೆಯದ್ದು. ಜೋಡಿಯದೆಂದು ಭಾವಿಸಿ ಅಗ್ಗವಾಯಿತೆಂದು ಹಿಗ್ಗಿ, ಮನೆಗೆ ಒಂಟಿ ಸ್ಪೀಕರ್ ಬಂದು ಪೆಚ್ಚಾದವರಿದ್ದಾರೆ.

ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗೊಬ್ಬರಾದರೂ ಅಮೆರಿಕದಲ್ಲಿರುತ್ತಾರೆ. ಡಿಸೆಂಬರಿನಲ್ಲಿ ಸೂಟ್‌ಕೇಸಿನಲ್ಲಿ ಸ್ಪೀಕರ್ ಬರುತ್ತದೆ. ಅಲ್ಲಿಯ ಕರೆಂಟು 120 ವೋಲ್ಟ್, ಇಲ್ಲಿಯದು 230. ಬೆನ್ನಿನ ಪಟ್ಟಿಯಲ್ಲಿ "100–240" ಎಂದಿದ್ದರೆ ಪ್ಲಗ್ಗಿನ ಪಿನ್ನು ಬದಲಿಸಿದರೆ ಮುಗಿಯಿತು. "120" ಮಾತ್ರ ಇದ್ದರೆ ಸ್ವಿಚ್ ಹಾಕಿದ ಗಳಿಗೆಯಲ್ಲೇ ಸುಟ್ಟ ವಾಸನೆ ಬರುತ್ತದೆ. ಕೆಲವಕ್ಕೆ 115–230 ಎಂಬ ಕೆಂಪು ಜಾರುಸ್ವಿಚ್ ಇರುತ್ತದೆ, ಮೊದಲು ಅದನ್ನು ಸರಿಸಬೇಕು. ಇಲ್ಲೇ ಕೊಳ್ಳುವ ಬ್ಲೂಟೂತ್ ಸ್ಪೀಕರಿನ ಮೇಲೆ ಬಿಐಎಸ್ ಮುದ್ರೆ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಅದಿಲ್ಲದ್ದು ಸಾಮಾನ್ಯವಾಗಿ ಹಿಂಬಾಗಿಲ ಮಾಲು, ವಾರಂಟಿಯ ಆಸೆ ಬಿಡಬೇಕು.

ಅರ್ಥಿಂಗ್ ಮರೆಯಬಾರದು. ಎರಡು ತೂತಿನ ಹಳೆಯ ಸಾಕೆಟ್ಟಿಗೆ ಮೂರು ಪಿನ್ನಿನ ಮಾನಿಟರನ್ನು ಅಡಾಪ್ಟರ್ ಹಾಕಿ ಚುಚ್ಚಿದರೆ ಗುಂಯ್ ಎಂಬ ಸದ್ದೂ, ಪೆಟ್ಟಿಗೆ ಮುಟ್ಟಿದಾಗ ಜುಂ ಎಂಬ ಶಾಕೂ ಗ್ಯಾರಂಟಿ. ಅರ್ಥ್ ಸರಿಯಿದ್ದೂ ಗುಂಯ್ ಎನ್ನುತ್ತಿದ್ದರೆ ಕೇಬಲ್ ಟಿವಿಯ ವೈರನ್ನು ಒಮ್ಮೆ ಕಳಚಿ ನೋಡಿ. ಎಷ್ಟೋ ಸಲ ಕಳ್ಳ ಅಲ್ಲೇ ಇರುತ್ತಾನೆ. ಸ್ಪೀಕರ್, ಸ್ಟ್ರೀಮರ್, ಟಿವಿ ಎಲ್ಲವೂ ಒಂದೇ ಸ್ಪೈಕ್ ಗಾರ್ಡಿನಿಂದ ಕರೆಂಟು ಪಡೆದರೆ ಈ ರೋಗ ಅರ್ಧ ವಾಸಿ.

ಹಳೆಯ ಬಂಗಲೆಗಳಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಫ್ಲ್ಯಾಟುಗಳು, ಉಳಿದ ವಠಾರಗಳಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. 2000ದ ಶಬ್ದಮಾಲಿನ್ಯ ನಿಯಮದಂತೆ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಮಿತಿ. ರಾತ್ರಿ ಮೆಲ್ಲಗೆ ಕೇಳುವವರಿಗೆ ಒಂದು ಸೂಕ್ಷ್ಮ: ಕರೆಂಟು ಉಳಿಸಲೆಂದು ಸದ್ದಿಲ್ಲದಾಗ ತಾನೇ ಮಲಗುವ ವ್ಯವಸ್ಥೆ ಅನೇಕ ಸ್ಪೀಕರುಗಳಲ್ಲಿದೆ. ವಾಲ್ಯೂಮ್ ತೀರಾ ತಗ್ಗಿಸಿ ವಿಳಂಬದ ಆಲಾಪನೆ ಹಾಕಿದರೆ ಅದನ್ನು ಮೌನವೆಂದೇ ತಿಳಿದು ಕೆಲವು ಮಲಗಿಬಿಡುತ್ತವೆ. ಆ ವ್ಯವಸ್ಥೆಯನ್ನು ಆರಿಸಲು ಸ್ವಿಚ್ ಇದೆಯೇ ಎಂದು ಅಂಗಡಿಯಲ್ಲೇ ಕೇಳಬೇಕು.

ದುಡ್ಡಿನ ಅಂದಾಜು ಸ್ಥೂಲವಾಗಿ ಹೀಗೆ. ಹತ್ತರಿಂದ ಇಪ್ಪತ್ತು ಸಾವಿರಕ್ಕೆ ಆರ್1280ರ ವರ್ಗದ ಪವರ್ಡ್ ಜೋಡಿ. ಚಿಕ್ಕ ಕೋಣೆಗೆ, ಮೊದಲ ಸಲ ಕೊಳ್ಳುವವರಿಗೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಇಪ್ಪತ್ತೈದರಿಂದ ನಲವತ್ತು ಸಾವಿರದಲ್ಲಿ ಐದಿಂಚಿನ ಮಾನಿಟರ್ ಜೋಡಿ ಬರುತ್ತದೆ, ಧ್ವನಿಯ ದೃಷ್ಟಿಯಿಂದ ದೊಡ್ಡ ಜಿಗಿತ ಇರುವುದು ಈ ಮೆಟ್ಟಿಲಲ್ಲೇ. ಲಕ್ಷ ದಾಟಿದರೆ ಎಲ್‌ಎಸ್‌ಎಕ್ಸ್ 2ರಂಥವು. ಪೆಟ್ಟಿಗೆಗೆ 70 ಮತ್ತು 30 ವ್ಯಾಟಿನ ಎರಡೆರಡು ಆಂಪು, ವೈಫೈ, ಎಚ್‌ಡಿಎಂಐ, ಗೋಡೆಗೆಷ್ಟು ಹತ್ತಿರ ಎಂದು ಹೇಳಿದರೆ ತಾನೇ ಸರಿಹೊಂದಿಸಿಕೊಳ್ಳುವ ಆ್ಯಪು. ಆ ಹಣದಲ್ಲಿ ದೊಡ್ಡ ಪಾಲು ಅನುಕೂಲಕ್ಕೆ, ಅಂದಕ್ಕೆ. ಕಿವಿಗೆ ಸಿಗುವ ಪಾಲು ಬೆಲೆ ಏರಿದಷ್ಟು ಏರುವುದಿಲ್ಲ.

ಅಂಗಡಿಯಲ್ಲಿ ಎರಡು ಜೋಡಿ ಹೋಲಿಸುವಾಗ ಎರಡರ ಸದ್ದೂ ಸಮವಿರಲಿ. ತುಸು ಜೋರಾಗಿ ಹಾಡುವುದೇ ಕಿವಿಗೆ ಚೆಂದ ಕೇಳುತ್ತದೆ, ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಫೋನಿನಲ್ಲಿ ಡೆಸಿಬೆಲ್ ಅಳೆಯುವ ಉಚಿತ ಆ್ಯಪ್ ಹಾಕಿಕೊಂಡು ಹೋದರೆ ಅವರೂ ಹುಷಾರಾಗುತ್ತಾರೆ. ಮನೆಗೆ ತಂದ ಮೇಲೆ ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ ಬರಲಿ, ಎರಡು ಪೆಟ್ಟಿಗೆಗಳ ನಡುವಿನ ದೂರ ಕೂರುವ ದೂರದಷ್ಟೇ ಇರಲಿ. ಸ್ಟ್ಯಾಂಡ್ ಇಲ್ಲದಿದ್ದರೆ ಹಳೆಯ ತೇಗದ ಸ್ಟೂಲು, ಅದರ ಮೇಲೆ ರಬ್ಬರ್ ಮ್ಯಾಟ್ ನಡೆಯುತ್ತದೆ. ಖಾಲಿ ಡಬ್ಬವನ್ನು ಥರ್ಮಾಕೋಲ್ ಸಮೇತ ಅಟ್ಟಕ್ಕೆ ಹಾಕಿ. ಒಳಗಿನ ಆಂಪ್ ಕೆಟ್ಟರೆ ಇಡೀ ಪೆಟ್ಟಿಗೆಯನ್ನೇ ಸರ್ವಿಸ್ ಸೆಂಟರಿಗೆ ಹೊತ್ತು ಹೋಗಬೇಕಾಗುತ್ತದೆ, ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗುವಷ್ಟು ಹಗುರವಾಗಿ ಎಲ್ಲವೂ ಇರುವುದಿಲ್ಲ.